ಚರ್ಚ್‌ಗಳ ಧ್ವನಿ ಮತ್ತು ದೃಶ್ಯ ವ್ಯವಸ್ಥೆ

ಚರ್ಚ್‌ಗಳ ಧ್ವನಿ ಮತ್ತು ದೃಶ್ಯ ವ್ಯವಸ್ಥೆ ಎಂಬುದು ಕ್ರೈಸ್ತ ಆರಾಧನಾ ಮಂದಿರಗಳಲ್ಲಿ ಪ್ರಸಂಗ, ವಾಚನ, ಪ್ರಾರ್ಥನೆ ಮತ್ತು ಸಂಗೀತವನ್ನು ಸಭೆಗೆ ಸ್ಪಷ್ಟವಾಗಿ ತಲುಪಿಸಲು ಬಳಸುವ ಮೈಕ್ರೋಫೋನ್, ಮಿಕ್ಸರ್, ಆಂಪ್ಲಿಫೈಯರ್, ಧ್ವನಿವರ್ಧಕ, ಕ್ಯಾಮೆರಾ, ಪರದೆ ಮತ್ತು ಪ್ರಸಾರ ಸಾಧನಗಳ ಒಟ್ಟು ಜೋಡಣೆಯಾಗಿದೆ. ರಂಗಮಂದಿರ, ಸಭಾಭವನಗಳ ಧ್ವನಿ ವ್ಯವಸ್ಥೆಗೂ ಇದಕ್ಕೂ ಮೂಲತತ್ತ್ವಗಳು ಒಂದೇ ಆದರೂ ಚರ್ಚ್‌ನಲ್ಲಿ ಒಂದು ವಿಶೇಷ ತೊಡಕು ಇದೆ. ಎತ್ತರದ ಚಾವಣಿ, ಕಲ್ಲಿನ ಗೋಡೆ ಮತ್ತು ಗಟ್ಟಿ ನೆಲವುಳ್ಳ ಕಟ್ಟಡದಲ್ಲಿ ಧ್ವನಿಯು ದೀರ್ಘಕಾಲ ಮೊಳಗುತ್ತದೆ. ಈ ಮೊಳಗು ಆರ್ಗನ್ ವಾದನಕ್ಕೂ ವೃಂದಗಾನಕ್ಕೂ ಶೋಭೆ ನೀಡುತ್ತದೆ, ಆದರೆ ಮಾತಿನ ಸ್ಪಷ್ಟತೆಯನ್ನು ಕೆಡಿಸುತ್ತದೆ. ಒಂದೇ ಕಟ್ಟಡದಲ್ಲಿ ಈ ಎರಡು ಅಗತ್ಯಗಳನ್ನು ಹೊಂದಿಸುವುದೇ ಈ ಕ್ಷೇತ್ರದ ಮುಖ್ಯ ಸಮಸ್ಯೆ.

20ನೆಯ ಶತಮಾನದ ಎರಡನೆಯ ದಶಕದಲ್ಲಿ ವಿದ್ಯುತ್ ಧ್ವನಿವರ್ಧಕ ಬಳಕೆಗೆ ಬಂದ ಬಳಿಕ ಈ ವ್ಯವಸ್ಥೆಯು ಹಂತಹಂತವಾಗಿ ಬೆಳೆಯಿತು. ಇತ್ತೀಚಿನ ವರ್ಷಗಳಲ್ಲಿ ಡಿಜಿಟಲ್ ಮಿಕ್ಸರ್, ದಿಕ್ಕು ನಿಯಂತ್ರಿಸಬಲ್ಲ ಧ್ವನಿವರ್ಧಕ, ಜಾಲದ ಮೂಲಕ ಧ್ವನಿ ಸಾಗಣೆ, ಎಲ್‌ಇಡಿ ಪರದೆ ಮತ್ತು ಅಂತರ್ಜಾಲ ನೇರಪ್ರಸಾರಗಳು ಇದರ ಭಾಗವಾಗಿವೆ.

ಧ್ವನಿವರ್ಧಕಕ್ಕೆ ಮುಂಚೆ

ವಿದ್ಯುತ್ ಸಾಧನಗಳಿಲ್ಲದ ಕಾಲದಲ್ಲಿ ಕಟ್ಟಡವೇ ಧ್ವನಿ ವ್ಯವಸ್ಥೆಯಾಗಿತ್ತು. ಯೂರೋಪಿನ ಹಳೆಯ ಚರ್ಚ್‌ಗಳಲ್ಲಿ ಪ್ರಸಂಗಪೀಠವನ್ನು ಬಲಿಪೀಠದ ಬಳಿ ಇಡದೆ ಸಭೆಯ ನಡುಭಾಗಕ್ಕೆ ಸಮೀಪದಲ್ಲಿ, ಕಂಬವೊಂದಕ್ಕೆ ಹೊಂದಿಕೊಂಡಂತೆ, ಎತ್ತರದಲ್ಲಿ ಕಟ್ಟುತ್ತಿದ್ದರು. ಪೀಠದ ಮೇಲೆ ಮರದ ಕೊಡೆಯಂತಹ ಹಲಗೆಯನ್ನು ಅಳವಡಿಸುತ್ತಿದ್ದರು. ಮೇಲಕ್ಕೆ ಹೋಗಿ ಗುಮ್ಮಟದಲ್ಲಿ ಕಳೆದುಹೋಗಬಹುದಾಗಿದ್ದ ಧ್ವನಿಯನ್ನು ಈ ಹಲಗೆಯು ಕೇಳುಗರತ್ತ ಪ್ರತಿಫಲಿಸುತ್ತಿತ್ತು. ವಾಚನಗಳನ್ನು ಸಾಮಾನ್ಯ ಮಾತಿನಂತೆ ಓದದೆ ಒಂದೇ ಸ್ವರದಲ್ಲಿ ನಿಧಾನವಾಗಿ ರಾಗವಾಗಿ ಉಚ್ಚರಿಸುವ ಪದ್ಧತಿಯೂ ಮೊಳಗುವ ಕಟ್ಟಡಗಳಿಗೆ ಹೊಂದುವಂಥದ್ದೇ ಆಗಿತ್ತು.

ಕಟ್ಟಡದ ಮೊಳಗನ್ನು ಮೊದಲ ಬಾರಿಗೆ ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೇಸ್ ಕ್ಲೆಮೆಂಟ್ ಸಬೈನ್. 1895ರಲ್ಲಿ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರನ್ನು ಪರಿಹರಿಸುವ ಕೆಲಸವನ್ನು ಅವರಿಗೆ ವಹಿಸಲಾಯಿತು. ಸಮೀಪದ ರಂಗಮಂದಿರದ ಮೆತ್ತೆಗಳನ್ನು ತಂದು ಹಾಸುತ್ತ, ಆರ್ಗನ್ ಕೊಳವೆಯ ಧ್ವನಿ ಅಡಗಲು ಹಿಡಿಯುವ ಕಾಲವನ್ನು ಅಳೆಯುತ್ತ, ಅವರು ಅನುರಣನ ಕಾಲದ ಸೂತ್ರವನ್ನು ಕಂಡುಕೊಂಡರು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಜ್ಞಾನವನ್ನು ಬಳಸಿ ಕಟ್ಟಿದ ಸಭಾಂಗಣವಾಗಿದೆ.

ಇತಿಹಾಸ

ಆರಂಭದ ದಶಕಗಳು

1915ರಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ ಎಂಬವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಜನಸಮೂಹಕ್ಕೆ ಧ್ವನಿವರ್ಧಕದ ಮೂಲಕ ಸಂಗೀತ ಮತ್ತು ಭಾಷಣವನ್ನು ಕೇಳಿಸಿದರು. 1925ರಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ವಿವರಿಸಿದ ಚಲಿಸುವ ಸುರುಳಿಯ ಧ್ವನಿವರ್ಧಕವು ಇಂದಿಗೂ ಬಹುತೇಕ ಧ್ವನಿವರ್ಧಕಗಳ ಮೂಲಮಾದರಿ.

ಚರ್ಚ್‌ನ ಧ್ವನಿಯು ಕಟ್ಟಡದ ಹೊರಕ್ಕೆ ಹೋದುದು ರೇಡಿಯೊದ ಮೂಲಕ. 1921ರ ಜನವರಿ 2ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರವು ಅಲ್ಲಿನ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚ್‌ನ ಆರಾಧನೆಯನ್ನು ಬಿತ್ತರಿಸಿತು. ಬ್ರಿಟನ್‌ನಲ್ಲಿ 1924ರ ಜನವರಿ 6ರಂದು ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚ್‌ನಿಂದ ಬಿಬಿಸಿಯು ಮೊದಲ ಬಾರಿಗೆ ಆರಾಧನೆಯನ್ನು ಪ್ರಸಾರ ಮಾಡಿತು. 1931ರ ಫೆಬ್ರುವರಿ 12ರಂದು ಗುಲ್ಯೆಲ್ಮೊ ಮಾರ್ಕೋನಿ ಸ್ಥಾಪಿಸಿದ ವ್ಯಾಟಿಕನ್ ರೇಡಿಯೊವನ್ನು ಹನ್ನೊಂದನೆಯ ಪಯಸ್ ಉದ್ಘಾಟಿಸಿದರು.

ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಪ್ರಯೋಗ

ಚರ್ಚ್‌ಗಳ ಧ್ವನಿ ವ್ಯವಸ್ಥೆಯ ಇತಿಹಾಸದಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಮಹತ್ತ್ವದ ಸ್ಥಾನವಿದೆ. ಕ್ರಿಸ್ಟೊಫರ್ ರೆನ್ ವಿನ್ಯಾಸಗೊಳಿಸಿದ ಈ ಬೃಹತ್ ಕಟ್ಟಡದಲ್ಲಿ ಸಭೆಯಿಲ್ಲದಾಗ ಅನುರಣನ ಕಾಲವು 10 ಸೆಕೆಂಡುಗಳನ್ನೂ ಮೀರುತ್ತದೆ. ಇಂತಹ ಸ್ಥಳದಲ್ಲಿ ಧ್ವನಿಯನ್ನು ಇನ್ನಷ್ಟು ಜೋರು ಮಾಡಿದರೆ ಮೊಳಗೂ ಅಷ್ಟೇ ಜೋರಾಗುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ.

1950ರ ದಶಕದ ಆರಂಭದಲ್ಲಿ ಪೀಟರ್ ಪಾರ್ಕಿನ್ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿ ಎರಡು ಉಪಾಯಗಳನ್ನು ಒಟ್ಟುಗೂಡಿಸಿದರು. ಮೊದಲನೆಯದು, ಹಲವು ಧ್ವನಿವರ್ಧಕಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದನೆಯ ಸ್ತಂಭ. ಇದು ಧ್ವನಿಯನ್ನು ಚಾವಣಿಯತ್ತ ಚೆಲ್ಲದೆ ಕೇಳುಗರ ಎತ್ತರದಲ್ಲಿ ಮಾತ್ರ ಹರಡುತ್ತದೆ. ಎರಡನೆಯದು, ದೂರದ ಧ್ವನಿವರ್ಧಕಗಳಿಗೆ ಹೋಗುವ ಸಂಕೇತವನ್ನು ತಿರುಗುವ ಕಾಂತೀಯ ಸಾಧನದ ಮೂಲಕ ಉದ್ದೇಶಪೂರ್ವಕವಾಗಿ ತಡಮಾಡುವುದು. ಈ ಎರಡನೆಯ ಉಪಾಯಕ್ಕೆ ಆಧಾರವಾದುದು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಶ್ರವಣ ಪರಿಣಾಮ. ದಿಕ್ಕು ನಿಯಂತ್ರಣ ಮತ್ತು ಕಾಲ ವಿಳಂಬ ಎಂಬ ಈ ಎರಡು ತತ್ತ್ವಗಳು ಇಂದಿನ ವ್ಯವಸ್ಥೆಗಳಲ್ಲಿಯೂ ಡಿಜಿಟಲ್ ರೂಪದಲ್ಲಿ ಮುಂದುವರಿದಿವೆ.

ದೇಶಭಾಷೆಯ ಆರಾಧನೆ ಮತ್ತು ಸ್ಪಷ್ಟತೆಯ ಬೇಡಿಕೆ

ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಪ್ರಸಂಗಕ್ಕೆ ಮೊದಲಿನಿಂದಲೂ ಪ್ರಾಧಾನ್ಯವಿತ್ತು. ಕಥೊಲಿಕ ಧರ್ಮಸಭೆಯಲ್ಲಿ ದೊಡ್ಡ ಬದಲಾವಣೆ ಬಂದುದು ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ. 1963ರ ಡಿಸೆಂಬರ್ 4ರಂದು ಪ್ರಕಟವಾದ ದೈವಾರಾಧನಾ ವಿಧಿಯ ಸಂವಿಧಾನವು ಲ್ಯಾಟಿನ್ ಜೊತೆಗೆ ದೇಶಭಾಷೆಗಳ ಬಳಕೆಗೆ ದಾರಿ ತೆರೆಯಿತು. ಭಕ್ತರು ಪ್ರೇಕ್ಷಕರಾಗಿರದೆ ಪೂರ್ಣವಾಗಿ ಪಾಲ್ಗೊಳ್ಳಬೇಕೆಂದು ಒತ್ತಿಹೇಳಿತು. ಅರ್ಥವಾಗುವ ಭಾಷೆಯಲ್ಲಿ ಪೂಜೆ ನಡೆಯತೊಡಗಿದ ಮೇಲೆ ಒಂದೊಂದು ಪದವೂ ಕೇಳಿಸಬೇಕಾದುದು ಅನಿವಾರ್ಯವಾಯಿತು. ಮೊಳಗುವ ಲ್ಯಾಟಿನ್ ಗಾಯನಕ್ಕೆ ಒದಗುತ್ತಿದ್ದ ಕಟ್ಟಡಗಳು ಮಾತಿನ ಕಟ್ಟಡಗಳಾಗಬೇಕಾಯಿತು.

ದೂರದರ್ಶನ ಮತ್ತು ಬೃಹತ್ ಚರ್ಚ್‌ಗಳು

1948ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್‌ನ ಪೂಜೆಯು ದೂರದರ್ಶನದಲ್ಲಿ ಪ್ರಸಾರವಾಯಿತು. 1953ರ ಜೂನ್ 2ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಎರಡನೆಯ ಎಲಿಜಬೆತ್ ಅವರ ಪಟ್ಟಾಭಿಷೇಕವನ್ನು ಬ್ರಿಟನ್ನಿನಲ್ಲಿ ಸುಮಾರು 2 ಕೋಟಿ ಜನರು ವೀಕ್ಷಿಸಿದರೆಂದು ಅಂದಾಜಿಸಲಾಗಿದೆ. ಧಾರ್ಮಿಕ ವಿಧಿಯೊಂದರ ನಡುವೆ ಕ್ಯಾಮೆರಾ ಎಲ್ಲಿರಬೇಕು, ಯಾವ ಕ್ಷಣವನ್ನು ತೋರಿಸಬಾರದು ಎಂಬ ಚರ್ಚೆ ಅಂದೇ ನಡೆದಿತ್ತು. ರಾಣಿಗೆ ಅಭ್ಯಂಗ ಮಾಡುವ ಪವಿತ್ರ ಕ್ಷಣವನ್ನು ಪ್ರಸಾರ ಮಾಡಲಿಲ್ಲ.

ಅಮೆರಿಕದಲ್ಲಿ 1970ರ ದಶಕದಿಂದ ದೂರದರ್ಶನವನ್ನೇ ಕೇಂದ್ರವಾಗಿಸಿಕೊಂಡ ಚರ್ಚ್‌ಗಳು ಬೆಳೆದವು. ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ನಲ್ಲಿ 1980ರಲ್ಲಿ ಪೂರ್ಣಗೊಂಡ ಕ್ರಿಸ್ಟಲ್ ಕೆಥೆಡ್ರಲ್ ಗೋಡೆ, ಚಾವಣಿಗಳೆಲ್ಲ ಗಾಜಿನಿಂದಲೇ ಆದ ಕಟ್ಟಡ. 10,000ಕ್ಕೂ ಹೆಚ್ಚು ಗಾಜಿನ ಫಲಕಗಳುಳ್ಳ ಈ ಚರ್ಚ್ ಧ್ವನಿ ತಂತ್ರಜ್ಞರಿಗೆ ಕಠಿಣ ಸವಾಲಾಗಿತ್ತು. ಏಕೆಂದರೆ ಗಾಜು ಮಧ್ಯಮ ಮತ್ತು ಹೆಚ್ಚಿನ ಆವರ್ತನದ ಧ್ವನಿಯನ್ನು ಬಹುಮಟ್ಟಿಗೆ ಹಿಂದಿರುಗಿಸುತ್ತದೆ. ಮುಂದೆ ಈ ಕಟ್ಟಡವು ಆರೆಂಜ್ ಕಥೊಲಿಕ ಧರ್ಮಪ್ರಾಂತ್ಯದ ಪಾಲಾಗಿ, ನವೀಕರಣಗೊಂಡು, 2019ರಲ್ಲಿ ಕ್ರೈಸ್ಟ್ ಕೆಥೆಡ್ರಲ್ ಎಂದು ಪ್ರತಿಷ್ಠಾಪಿತವಾಯಿತು. ಹ್ಯೂಸ್ಟನ್ ನಗರದ ಲೇಕ್‌ವುಡ್ ಚರ್ಚ್ 2005ರಲ್ಲಿ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣವೊಂದನ್ನು ಆರಾಧನಾ ಮಂದಿರವಾಗಿ ಪರಿವರ್ತಿಸಿಕೊಂಡಿತು. ಇಂತಹ ಕಡೆ ಧ್ವನಿ, ಬೆಳಕು ಮತ್ತು ಪರದೆಯ ವ್ಯವಸ್ಥೆಗಳು ಸಂಗೀತ ಕಛೇರಿಗಳ ಮಟ್ಟದಲ್ಲಿರುತ್ತವೆ.

ಧ್ವನಿವಿಜ್ಞಾನದ ತತ್ತ್ವಗಳು

ಅನುರಣನ ಕಾಲ

ಧ್ವನಿಯ ಮೂಲವನ್ನು ನಿಲ್ಲಿಸಿದ ಬಳಿಕ ಅದರ ಮಟ್ಟವು 60 ಡೆಸಿಬೆಲ್‌ನಷ್ಟು ಇಳಿಯಲು ಬೇಕಾಗುವ ಅವಧಿಯನ್ನು ಅನುರಣನ ಕಾಲ ಎನ್ನುತ್ತಾರೆ. ಸಬೈನ್ ಸೂತ್ರದ ಪ್ರಕಾರ ಕಟ್ಟಡದ ಘನ ಅಳತೆಯನ್ನು (ಘನ ಮೀಟರ್‌ಗಳಲ್ಲಿ) 0.161ರಿಂದ ಗುಣಿಸಿ, ಅದರೊಳಗಿನ ಒಟ್ಟು ಧ್ವನಿ ಹೀರಿಕೆಯಿಂದ (ಚದರ ಮೀಟರ್‌ಗಳಲ್ಲಿ) ಭಾಗಿಸಿದರೆ ಈ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ.

ಉದಾಹರಣೆಗೆ, 3,000 ಘನ ಮೀಟರ್ ಅಳತೆಯ ಖಾಲಿ ಚರ್ಚ್‌ನ ಒಟ್ಟು ಹೀರಿಕೆ 200 ಚದರ ಮೀಟರ್ ಆಗಿದ್ದರೆ ಅನುರಣನ ಕಾಲ ಸುಮಾರು 2.4 ಸೆಕೆಂಡು. ಕುಳಿತ ಒಬ್ಬ ವ್ಯಕ್ತಿಯು ಸರಿಸುಮಾರು ಅರ್ಧ ಚದರ ಮೀಟರ್‌ನಷ್ಟು ಹೀರಿಕೆಯನ್ನು ಸೇರಿಸುತ್ತಾನೆಂದು ಹಿಡಿದರೆ, 400 ಜನರು ತುಂಬಿದಾಗ ಒಟ್ಟು ಹೀರಿಕೆ 400 ಚದರ ಮೀಟರ್ ಆಗಿ, ಅನುರಣನ ಕಾಲ 1.2 ಸೆಕೆಂಡಿಗೆ ಇಳಿಯುತ್ತದೆ. ಶನಿವಾರ ಖಾಲಿ ಮಂದಿರದಲ್ಲಿ ಹೊಂದಿಸಿದ ಧ್ವನಿಯು ಭಾನುವಾರ ತುಂಬಿದ ಸಭೆಯಲ್ಲಿ ಬೇರೆಯಾಗಿ ಕೇಳಿಸುವುದಕ್ಕೆ ಇದೇ ಕಾರಣ.

ಮಾತಿಗೆ ಸಾಮಾನ್ಯವಾಗಿ 1 ಸೆಕೆಂಡಿನ ಆಸುಪಾಸಿನ ಅನುರಣನ ಅನುಕೂಲಕರ. ಆರ್ಗನ್ ಮತ್ತು ವೃಂದಗಾನಕ್ಕೆ 2 ಸೆಕೆಂಡಿಗೂ ಹೆಚ್ಚಿನ ಅನುರಣನ ಹಿತವೆನಿಸುತ್ತದೆ. ಡ್ರಮ್ ಮತ್ತು ವಿದ್ಯುತ್ ಗಿಟಾರ್‌ಗಳಿರುವ ಆಧುನಿಕ ವಾದ್ಯಮೇಳಕ್ಕೆ ಕಡಿಮೆ ಅನುರಣನ ಬೇಕು.

ಮಾತಿನ ಸ್ಪಷ್ಟತೆ

ಮಾತಿನಲ್ಲಿ ಸ್ವರಗಳು ಬಲವಾಗಿರುತ್ತವೆ ಮತ್ತು ದೀರ್ಘವಾಗಿರುತ್ತವೆ. ವ್ಯಂಜನಗಳು ದುರ್ಬಲ ಮತ್ತು ಕ್ಷಣಿಕ. ಆದರೆ ಪದಗಳನ್ನು ಬೇರ್ಪಡಿಸುವುದು ಹೆಚ್ಚಾಗಿ ವ್ಯಂಜನಗಳೇ. ಪಾಪ, ತಾಪ, ಶಾಪ ಎಂಬ ಮೂರು ಪದಗಳಲ್ಲಿ ವ್ಯತ್ಯಾಸವಿರುವುದು ಮೊದಲ ವ್ಯಂಜನದಲ್ಲಿ ಮಾತ್ರ. ಹಿಂದಿನ ಅಕ್ಷರದ ಮೊಳಗು ಇನ್ನೂ ಅಡಗದಿದ್ದರೆ ಆ ವ್ಯಂಜನ ಮುಚ್ಚಿಹೋಗುತ್ತದೆ. ಧ್ವನಿ ಜೋರಾಗಿ ಕೇಳಿಸಿದರೂ ಮಾತು ಅರ್ಥವಾಗದ ಸ್ಥಿತಿ ಉಂಟಾಗುವುದು ಹೀಗೆ.

ಈ ನಷ್ಟವನ್ನು ಅಳೆಯಲು ನೆದರ್ಲೆಂಡ್ಸ್‌ನ ಪ್ಯೂಟ್ಸ್ 1971ರಲ್ಲಿ ವ್ಯಂಜನ ನಷ್ಟದ ಶೇಕಡಾವಾರು ಅಳತೆಯನ್ನು ಮಂಡಿಸಿದರು. ಅದೇ ದೇಶದ ಹೌಟ್‌ಗಾಸ್ಟ್ ಮತ್ತು ಸ್ಟೀನೆಕೆನ್ ರೂಪಿಸಿದ ವಾಕ್ ಪ್ರಸರಣ ಸೂಚ್ಯಂಕವು ಇಂದು ಅಂತರರಾಷ್ಟ್ರೀಯ ಮಾನಕವಾಗಿದೆ. ಇದು 0ಯಿಂದ 1ರವರೆಗಿನ ಸಂಖ್ಯೆ. 0.45ಕ್ಕಿಂತ ಕಡಿಮೆಯಿದ್ದರೆ ಕಳಪೆ, 0.45ರಿಂದ 0.60ರವರೆಗೆ ಸಾಧಾರಣ, 0.60ರಿಂದ 0.75ರವರೆಗೆ ಉತ್ತಮ, ಅದಕ್ಕೂ ಹೆಚ್ಚಿದ್ದರೆ ಅತ್ಯುತ್ತಮ ಎಂದು ಪರಿಗಣಿಸುತ್ತಾರೆ.

ನಿರ್ಣಾಯಕ ದೂರ

ಧ್ವನಿವರ್ಧಕಕ್ಕೆ ಹತ್ತಿರವಿರುವ ಕೇಳುಗನಿಗೆ ನೇರ ಧ್ವನಿಯು ಪ್ರಬಲವಾಗಿರುತ್ತದೆ. ದೂರ ಸರಿದಂತೆ ನೇರ ಧ್ವನಿ ಕುಗ್ಗುತ್ತದೆ, ಆದರೆ ಕಟ್ಟಡದ ಮೊಳಗು ಎಲ್ಲೆಡೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಎರಡೂ ಸಮವಾಗುವ ದೂರವನ್ನು ನಿರ್ಣಾಯಕ ದೂರ ಎನ್ನುತ್ತಾರೆ. ಮೇಲಿನ ಖಾಲಿ ಚರ್ಚ್‌ನಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ಧ್ವನಿ ಚೆಲ್ಲುವ ಸಾಧನಕ್ಕೆ ಇದು ಸುಮಾರು 2 ಮೀಟರ್ ಮಾತ್ರ. ಧ್ವನಿಯನ್ನು 16 ಪಟ್ಟು ಕೇಂದ್ರೀಕರಿಸುವ ಸಾಧನವನ್ನು ಬಳಸಿದರೆ ಇದು ನಾಲ್ಕು ಪಟ್ಟು ಹೆಚ್ಚಿ 8 ಮೀಟರ್ ಆಗುತ್ತದೆ. ಆದುದರಿಂದ ಮೊಳಗುವ ಚರ್ಚ್‌ನಲ್ಲಿ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಧ್ವನಿಯನ್ನು ಕೇಳುಗರತ್ತ ಮಾತ್ರ ತಿರುಗಿಸುವುದು ಅಥವಾ ಧ್ವನಿವರ್ಧಕವನ್ನು ಕೇಳುಗರ ಬಳಿಗೆ ಒಯ್ಯುವುದು ಫಲಕಾರಿ.

ವಿಳಂಬ

ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ವೇದಿಕೆಯಿಂದ 30 ಮೀಟರ್ ದೂರದಲ್ಲಿರುವ ಕಂಬಕ್ಕೆ ಧ್ವನಿವರ್ಧಕವನ್ನು ಅಳವಡಿಸಿದರೆ, ತಂತಿಯಲ್ಲಿ ಬಂದ ಧ್ವನಿಯು ಅಲ್ಲಿ ತತ್‌ಕ್ಷಣವೇ ಹೊರಡುತ್ತದೆ. ವೇದಿಕೆಯ ಧ್ವನಿಯು ಸುಮಾರು 87 ಮಿಲಿಸೆಕೆಂಡುಗಳ ನಂತರ ತಲುಪುತ್ತದೆ. ಇದು ಕೇಳುಗನಿಗೆ ಇಮ್ಮಡಿ ಮಾತಿನಂತೆ ಕೇಳಿಸುತ್ತದೆ. ಕಂಬದ ಧ್ವನಿವರ್ಧಕವನ್ನು ಸುಮಾರು 100 ಮಿಲಿಸೆಕೆಂಡು ತಡಮಾಡಿದರೆ ವೇದಿಕೆಯ ಧ್ವನಿ ಮೊದಲು ತಲುಪಿ, ಕಂಬದ ಧ್ವನಿ ಅದರ ಬೆನ್ನಲ್ಲೇ ಸೇರಿಕೊಳ್ಳುತ್ತದೆ. ಹಾಸ್ ಪರಿಣಾಮದಿಂದಾಗಿ ಎರಡೂ ಒಂದೇ ಧ್ವನಿಯೆನಿಸಿ, ಮಾತು ವೇದಿಕೆಯಿಂದಲೇ ಬರುತ್ತಿರುವಂತೆ ತೋರುತ್ತದೆ.

ಧ್ವನಿ ವ್ಯವಸ್ಥೆಯ ಭಾಗಗಳು

ಮೈಕ್ರೋಫೋನ್

ಬೋಧನಾ ಪೀಠದಲ್ಲಿ ಬಾಗಬಲ್ಲ ಕತ್ತಿನ ಮೈಕ್, ಬಲಿಪೀಠದ ಮೇಲೆ ಚಪ್ಪಟೆಯಾದ ಮೇಲ್ಮೈ ಮೈಕ್, ಗಾಯನವೃಂದದ ಮೇಲೆ ತೂಗುಬಿಟ್ಟ ಮೈಕ್‌ಗಳು ಸಾಮಾನ್ಯ. ಚಲಿಸುತ್ತ ಮಾತನಾಡುವವರಿಗೆ ಕಿವಿಗೆ ಸಿಕ್ಕಿಸುವ ನಿಸ್ತಂತು ಮೈಕ್ ಬಳಕೆಯಲ್ಲಿದೆ. ಬಾಯಿಯಿಂದ ಮೈಕ್‌ಗಿರುವ ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರ ಧ್ವನಿಯು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ; ಬೇರೆ ಯಾವ ಉಪಕರಣ ಕೊಳ್ಳುವುದಕ್ಕೂ ಮುಂಚೆ ಮಾಡಬಹುದಾದ, ಖರ್ಚಿಲ್ಲದ ಸುಧಾರಣೆ ಇದೇ ಆಗಿದೆ. ಏಕಕಾಲದಲ್ಲಿ ತೆರೆದಿರುವ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಸಿಳ್ಳೆಯಂತಹ ಪ್ರತಿಧ್ವನಿ ಆರಂಭವಾಗುವ ಅಂಚು 3 ಡೆಸಿಬೆಲ್‌ನಷ್ಟು ಹತ್ತಿರವಾಗುತ್ತದೆ. ಬಳಸದ ಮೈಕ್‌ಗಳನ್ನು ತಾನಾಗಿ ಮುಚ್ಚುವ ಸ್ವಯಂಚಾಲಿತ ಮಿಕ್ಸರ್‌ಗಳು ಇದಕ್ಕೆ ಪರಿಹಾರ ಒದಗಿಸುತ್ತವೆ.

ನಿಸ್ತಂತು ಮೈಕ್‌ಗಳು ದೂರದರ್ಶನ ವಾಹಿನಿಗಳ ನಡುವಿನ ತೆರವು ತರಂಗಪಟ್ಟಿಯನ್ನು ಬಳಸುತ್ತಿದ್ದವು. ಈ ಪಟ್ಟಿಗಳನ್ನು ಮೊಬೈಲ್ ಸೇವೆಗಳಿಗೆ ನೀಡಿದ್ದರಿಂದ ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನು 2010ರ ಜೂನ್ 12ರೊಳಗೆ, 600 ಮೆಗಾಹರ್ಟ್ಸ್ ಪಟ್ಟಿಯನ್ನು 2020ರ ಜುಲೈ 13ರೊಳಗೆ ತೆರವುಗೊಳಿಸಬೇಕಾಯಿತು. ಅನೇಕ ಚರ್ಚ್‌ಗಳು ಸುಸ್ಥಿತಿಯಲ್ಲಿದ್ದ ಮೈಕ್‌ಗಳನ್ನೇ ಬದಲಿಸಬೇಕಾಗಿ ಬಂತು. ಮೈಕ್ ಕೊಳ್ಳುವಾಗ ಅದು ಯಾವ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತದೆ ಮತ್ತು ಆ ಪಟ್ಟಿಯನ್ನು ಬಳಸಲು ಆಯಾ ದೇಶದಲ್ಲಿ ಅನುಮತಿಯಿದೆಯೇ ಎಂಬುದನ್ನು ನೋಡುವುದು ಮುಖ್ಯ.

ಮಿಕ್ಸರ್ ಮತ್ತು ಜಾಲ ಸಾಗಣೆ

ಅನಲಾಗ್ ಮಿಕ್ಸರ್‌ನಲ್ಲಿ ಪ್ರತಿಯೊಂದು ಗುಂಡಿಯೂ ಕಣ್ಣೆದುರೇ ಇರುತ್ತದೆ, ಆದರೆ ಹೊಂದಾಣಿಕೆಗಳನ್ನು ಉಳಿಸಿಡಲಾಗದು. ಡಿಜಿಟಲ್ ಮಿಕ್ಸರ್‌ನಲ್ಲಿ ಬೆಳಗಿನ ಪೂಜೆ, ಮದುವೆ, ಯುವಜನರ ಸಂಗೀತ ಆರಾಧನೆ ಇವುಗಳಿಗೆ ಪ್ರತ್ಯೇಕ ಹೊಂದಾಣಿಕೆಗಳನ್ನು ಉಳಿಸಿ, ಬೇಕಾದಾಗ ಮರಳಿ ಪಡೆಯಬಹುದು. 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32ನಂತಹ ಮಾದರಿಗಳಿಂದ ಇವು ಮಧ್ಯಮ ಗಾತ್ರದ ಚರ್ಚ್‌ಗಳ ಕೈಗೂ ಎಟುಕಿದವು. ಟ್ಯಾಬ್ಲೆಟ್ ಹಿಡಿದು ಸಭೆಯ ನಡುವೆ ನಿಂತೇ ಧ್ವನಿಯನ್ನು ಹೊಂದಿಸುವುದು ಸಾಧ್ಯವಾಗಿದೆ.

ಹಿಂದೆ ಪ್ರತಿ ಮೈಕ್‌ಗೂ ಒಂದೊಂದು ತಂತಿ ಎಳೆಯಬೇಕಾಗಿತ್ತು. ಆಸ್ಟ್ರೇಲಿಯದ ಆಡಿನೇಟ್ ಸಂಸ್ಥೆಯ ಡಾಂಟೆಯಂತಹ ವಿಧಾನಗಳಲ್ಲಿ ಕಂಪ್ಯೂಟರ್ ಜಾಲದ ಒಂದೇ ತಂತಿಯು ಅನೇಕ ಧ್ವನಿವಾಹಿನಿಗಳನ್ನು ಸಾಗಿಸುತ್ತದೆ. ಬೇರೆ ಬೇರೆ ವಿಧಾನಗಳು ಪರಸ್ಪರ ಹೊಂದಿಕೊಳ್ಳಲೆಂದು 2013ರಲ್ಲಿ ಎಇಎಸ್67 ಎಂಬ ಮಾನಕ ಪ್ರಕಟವಾಯಿತು.

ಧ್ವನಿವರ್ಧಕ

ಚರ್ಚ್‌ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜೋಡಣೆಗಳಿವೆ.

ಕೇಂದ್ರ ಗುಚ್ಛ: ವೇದಿಕೆಯ ಮೇಲೆ ನಡುವೆ ತೂಗುಹಾಕಿದ ಧ್ವನಿವರ್ಧಕಗಳ ಸಮೂಹ. ಧ್ವನಿಯು ಮಾತನಾಡುವವರ ದಿಕ್ಕಿನಿಂದಲೇ ಬರುವಂತೆ ತೋರುತ್ತದೆ.

ಹಂಚಿಕೆಯ ಜೋಡಣೆ: ಕಂಬ ಅಥವಾ ಬೆಂಚುಗಳ ಬಳಿ ಅಲ್ಲಲ್ಲಿ ಇರಿಸಿದ ಸಣ್ಣ ಧ್ವನಿವರ್ಧಕಗಳು. ತಗ್ಗಾದ ಮಟ್ಟದಲ್ಲಿ ಹತ್ತಿರದಿಂದ ಕೇಳಿಸುವುದರಿಂದ ಮೊಳಗುವ ಕಟ್ಟಡಕ್ಕೆ ಸೂಕ್ತ. ಉದ್ದನೆಯ ತಂತಿಗಳಿಗಾಗಿ 70 ಅಥವಾ 100 ವೋಲ್ಟ್ ಮಾರ್ಗವನ್ನು ಬಳಸುತ್ತಾರೆ.

ಸಾಲು ಜೋಡಣೆ: ಫ್ರಾನ್ಸಿನ ಕ್ರಿಶ್ಚಿಯನ್ ಹೈಲ್ 1990ರ ದಶಕದ ಆರಂಭದಲ್ಲಿ ಹೊರತಂದ ವಿ-ಡಾಸ್ಕ್ ವ್ಯವಸ್ಥೆಯಿಂದ ಪ್ರಸಿದ್ಧವಾದ, ಬಾಗಿದ ಸಾಲಿನಲ್ಲಿ ತೂಗುಬಿಡುವ ವಿಧಾನ. ದೊಡ್ಡ ಸಭಾಂಗಣ ಮತ್ತು ವಾದ್ಯಮೇಳಗಳಿಗೆ ಒಪ್ಪುತ್ತದೆ.

ದಿಕ್ಕು ನಿಯಂತ್ರಿತ ಸ್ತಂಭ: ತೆಳುವಾದ ಸ್ತಂಭದೊಳಗಿನ ಪ್ರತಿಯೊಂದು ಧ್ವನಿವರ್ಧಕಕ್ಕೂ ಪ್ರತ್ಯೇಕ ಆಂಪ್ಲಿಫೈಯರ್ ಮತ್ತು ಡಿಜಿಟಲ್ ವಿಳಂಬವಿರುತ್ತದೆ. ಸ್ತಂಭವನ್ನು ಗೋಡೆಗೆ ನೇರವಾಗಿ ಅಳವಡಿಸಿ, ಧ್ವನಿಯ ಕಿರಣವನ್ನು ಮಾತ್ರ ಕೆಳಕ್ಕೆ ಬಾಗಿಸಬಹುದು. ಸ್ತಂಭವು ತನ್ನ ಉದ್ದಕ್ಕಿಂತ ಕಡಿಮೆ ತರಂಗದೂರದ ಧ್ವನಿಯನ್ನು ಮಾತ್ರ ಚೆನ್ನಾಗಿ ನಿಯಂತ್ರಿಸಬಲ್ಲದು. 1 ಮೀಟರ್ ಸ್ತಂಭವು ಸುಮಾರು 343 ಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ಹಿಡಿತದಲ್ಲಿಟ್ಟರೆ, ಅದಕ್ಕಿಂತ ತಗ್ಗಿನ ಧ್ವನಿಗೆ ಉದ್ದನೆಯ ಸ್ತಂಭವೇ ಬೇಕು.

ದೃಶ್ಯ ವ್ಯವಸ್ಥೆ

ಚರ್ಚ್‌ಗಳಲ್ಲಿ ಪರದೆಯ ಪ್ರಧಾನ ಬಳಕೆ ಗೀತೆಗಳ ಸಾಹಿತ್ಯ, ಬೈಬಲ್ ವಾಚನ ಮತ್ತು ಪ್ರಕಟಣೆಗಳನ್ನು ತೋರಿಸುವುದು. ಇದಕ್ಕಾಗಿ ಪ್ರೊಪ್ರೆಸೆಂಟರ್, ಈಸಿವರ್ಷಿಪ್ ಮೊದಲಾದ ತಂತ್ರಾಂಶಗಳಿವೆ. ಓಪನ್‌ಎಲ್‌ಪಿ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ.

ಪ್ರೊಜೆಕ್ಟರ್‌ಗೆ ಖರ್ಚು ಕಡಿಮೆ, ಆದರೆ ಕಿಟಕಿಗಳಿಂದ ಹಗಲು ಬೆಳಕು ಬೀಳುವ ಚರ್ಚ್‌ನಲ್ಲಿ ಚಿತ್ರ ಮಸುಕಾಗುತ್ತದೆ. ಎಲ್‌ಇಡಿ ಗೋಡೆಯು ಹಗಲಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಅದರ ಬಿಂದುಗಳ ನಡುವಿನ ಅಂತರವು ಎಷ್ಟು ಮಿಲಿಮೀಟರ್ ಇದೆಯೋ ಹೆಚ್ಚುಕಡಿಮೆ ಅಷ್ಟು ಮೀಟರ್ ದೂರದಿಂದ ಚಿತ್ರವು ನುಣುಪಾಗಿ ಕಾಣುತ್ತದೆ ಎಂಬುದು ರೂಢಿಯ ಲೆಕ್ಕ.

ಕನ್ನಡ ಸಾಹಿತ್ಯವನ್ನು ಪರದೆಗೆ ತರುವಾಗ ಲಿಪಿಯ ಪ್ರಶ್ನೆ ಎದುರಾಗುತ್ತದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಾದ ಗೀತೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಕರಾವಳಿಯ ಕೊಂಕಣಿ ಗೀತೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯಿರುವುದರಿಂದ ಅವುಗಳಿಗೂ ಇದು ಅನ್ವಯಿಸುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಅಂತರ ಬೇಕಾಗುತ್ತದೆ.

ನೇರಪ್ರಸಾರ

2020ರಲ್ಲಿ ಕೋವಿಡ್-19 ಸೋಂಕಿನ ಕಾರಣ ಜಗತ್ತಿನಾದ್ಯಂತ ಆರಾಧನಾ ಮಂದಿರಗಳು ಮುಚ್ಚಿದಾಗ ಅಂತರ್ಜಾಲ ಪ್ರಸಾರವು ದೊಡ್ಡ ಚರ್ಚ್‌ಗಳ ಸೌಕರ್ಯವಾಗಿ ಉಳಿಯದೆ ಸಣ್ಣ ಚರ್ಚ್‌ಗಳ ಅಗತ್ಯವೂ ಆಯಿತು. ಆ ವರ್ಷದ ಮಾರ್ಚ್ 27ರ ಸಂಜೆ, ಮಳೆ ಸುರಿಯುತ್ತಿದ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ನಡೆಸಿದ ಪ್ರಾರ್ಥನೆಯನ್ನು ಜಗತ್ತಿನ ಜನರು ಪರದೆಯ ಮೂಲಕವೇ ಕಂಡರು.

ಸರಳವಾದ ವ್ಯವಸ್ಥೆಗೆ ಒಂದು ಕ್ಯಾಮೆರಾ, ಮಿಕ್ಸರ್‌ನಿಂದ ಬರುವ ಧ್ವನಿ, ಒಂದು ಕಂಪ್ಯೂಟರ್ ಮತ್ತು ಸ್ಥಿರವಾದ ಅಂತರ್ಜಾಲ ಸಂಪರ್ಕ ಸಾಕು. 2012ರಲ್ಲಿ ಆರಂಭವಾದ ಒಬಿಎಸ್ ಎಂಬ ಉಚಿತ ಮುಕ್ತ ತಂತ್ರಾಂಶವು ಇದಕ್ಕೆ ವ್ಯಾಪಕವಾಗಿ ಬಳಕೆಯಾಗುತ್ತಿದೆ. ದೂರದಿಂದಲೇ ತಿರುಗಿಸಿ, ಬಾಗಿಸಿ, ಹತ್ತಿರಕ್ಕೆ ತರಬಲ್ಲ ಕ್ಯಾಮೆರಾಗಳಿಂದ ಒಬ್ಬನೇ ವ್ಯಕ್ತಿ ಹಲವು ಕೋನಗಳನ್ನು ನಿರ್ವಹಿಸಬಹುದು. ಕ್ಯಾಮೆರಾ ಹಿಡಿದವರು ಪೂಜೆಯ ನಡುವೆ ಓಡಾಡುವ ಅಡಚಣೆಯೂ ತಪ್ಪುತ್ತದೆ. 2015ರಲ್ಲಿ ಬಂದ ಎನ್‌ಡಿಐ ವಿಧಾನವು ಕಟ್ಟಡದೊಳಗಿನ ಜಾಲದಲ್ಲಿ ದೃಶ್ಯವನ್ನು ಸಾಗಿಸುತ್ತದೆ. 2017ರಲ್ಲಿ ಮುಕ್ತಗೊಂಡ ಎಸ್‌ಆರ್‌ಟಿ ವಿಧಾನವು ಅಸ್ಥಿರವಾದ ಅಂತರ್ಜಾಲದಲ್ಲಿಯೂ ದೃಶ್ಯವನ್ನು ಕಳೆದುಕೊಳ್ಳದೆ ಕಳುಹಿಸಲು ನೆರವಾಗುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆಯ ಪ್ರಸಾರಕ್ಕೆ ಸುಮಾರು 2.25 ಗಿಗಾಬೈಟ್ ದತ್ತಾಂಶ ಬೇಕಾಗುತ್ತದೆ.

ಮಂದಿರದೊಳಗಿನ ಧ್ವನಿಯನ್ನು ಹಾಗೆಯೇ ಪ್ರಸಾರಕ್ಕೆ ಕೊಟ್ಟರೆ ಸಾಮಾನ್ಯವಾಗಿ ಎರಡು ದೋಷಗಳು ಕಾಣುತ್ತವೆ. ಮೊದಲನೆಯದು, ಸಭೆಯ ಗಾಯನ ಮತ್ತು ಪ್ರತ್ಯುತ್ತರಗಳು ಯಾವ ಮೈಕ್‌ಗೂ ಸಿಗದೆ, ಮನೆಯಲ್ಲಿರುವವರಿಗೆ ಖಾಲಿ ಕೋಣೆಯಲ್ಲಿ ಒಬ್ಬರೇ ಮಾತನಾಡಿದಂತೆ ಕೇಳಿಸುತ್ತದೆ. ಸಭೆಯತ್ತ ತಿರುಗಿಸಿದ ಒಂದೆರಡು ಮೈಕ್‌ಗಳನ್ನು ಪ್ರಸಾರಕ್ಕೆ ಮಾತ್ರ ಸೇರಿಸುವುದರಿಂದ ಇದು ನೀಗುತ್ತದೆ. ಎರಡನೆಯದು, ಕ್ಯಾಮೆರಾ ಮತ್ತು ಕಂಪ್ಯೂಟರ್‌ಗಳು ದೃಶ್ಯವನ್ನು ಸಂಸ್ಕರಿಸಲು ಸಮಯ ತೆಗೆದುಕೊಳ್ಳುವುದರಿಂದ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಯೂರೋಪಿನ ಪ್ರಸಾರ ಒಕ್ಕೂಟದ ಶಿಫಾರಸಿನಂತೆ ಧ್ವನಿಯು ದೃಶ್ಯಕ್ಕಿಂತ 40 ಮಿಲಿಸೆಕೆಂಡು ಮುಂದೆ ಅಥವಾ 60 ಮಿಲಿಸೆಕೆಂಡು ಹಿಂದೆ ಇರುವುದಷ್ಟೇ ಸಹ್ಯ. ಅದಕ್ಕಾಗಿ ಧ್ವನಿಯನ್ನೂ ಅಷ್ಟೇ ತಡಮಾಡಬೇಕಾಗುತ್ತದೆ.

ಶ್ರವಣ ದೋಷವುಳ್ಳವರಿಗೆ ಸೌಕರ್ಯ

ಶ್ರವಣ ಸಾಧನವು ಮಾತಿನ ಜೊತೆಗೆ ಮೊಳಗು ಮತ್ತು ಗದ್ದಲವನ್ನೂ ಹೆಚ್ಚಿಸುತ್ತದೆ. ಆದುದರಿಂದ ಚರ್ಚ್‌ನಲ್ಲಿ ಅದನ್ನು ಧರಿಸಿದವರಿಗೂ ಪ್ರಸಂಗ ಅರ್ಥವಾಗದೆ ಹೋಗಬಹುದು. ಇದಕ್ಕೆ ಹಳೆಯ ಮತ್ತು ವಿಶ್ವಾಸಾರ್ಹ ಪರಿಹಾರ ಪ್ರೇರಣ ಸುತ್ತು. ಸಭಾಂಗಣದ ಸುತ್ತ ನೆಲದಲ್ಲಿ ಹಾಸಿದ ತಂತಿಯಲ್ಲಿ ಮಿಕ್ಸರ್‌ನ ಧ್ವನಿಯು ವಿದ್ಯುತ್ ಪ್ರವಾಹವಾಗಿ ಹರಿದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಶ್ರವಣ ಸಾಧನದೊಳಗಿನ ಸಣ್ಣ ಸುರುಳಿಯು ಅದನ್ನು ಗ್ರಹಿಸುತ್ತದೆ. ಬ್ರಿಟನ್ನಿನ ಜೋಸೆಫ್ ಪೋಲಿಯಾಕಾಫ್ ಈ ತತ್ತ್ವಕ್ಕೆ 1937ರಲ್ಲಿ ಪೇಟೆಂಟ್ ಪಡೆದರು. ಕೇಳುಗನ ಕಿವಿಗೆ ಮೈಕ್‌ನ ಧ್ವನಿಯು ನೇರವಾಗಿ ತಲುಪುವುದರಿಂದ ಕಟ್ಟಡದ ಮೊಳಗು ನಡುವೆ ಬರುವುದಿಲ್ಲ.

2020ರಲ್ಲಿ ಪ್ರಕಟವಾದ ಬ್ಲೂಟೂತ್‌ನ ಹೊಸ ಧ್ವನಿ ಮಾನಕವನ್ನು ಆಧರಿಸಿ, 2022ರಲ್ಲಿ ಆರಾಕಾಸ್ಟ್ ಎಂಬ ಹೆಸರಿನ ಬಹುಜನ ಪ್ರಸಾರ ವಿಧಾನ ಬಂದಿದೆ. ಒಂದೇ ಪ್ರೇಷಕದಿಂದ ಎಷ್ಟು ಜನರಾದರೂ ತಮ್ಮ ಶ್ರವಣ ಸಾಧನ ಅಥವಾ ಕಿವಿಫೋನಿನಲ್ಲಿ ಕೇಳಬಹುದು. ಅನುವಾದವನ್ನು ಬೇರೆ ವಾಹಿನಿಯಲ್ಲಿ ಕೊಡುವುದಕ್ಕೂ ಇದು ಅನುಕೂಲ. ಆದರೆ ಇದನ್ನು ಗ್ರಹಿಸಬಲ್ಲ ಸಾಧನಗಳು ಎಲ್ಲರ ಬಳಿ ಇಲ್ಲದಿರುವುದರಿಂದ ಪ್ರೇರಣ ಸುತ್ತುಗಳ ಬಳಕೆ ಮುಂದುವರಿದಿದೆ.

ಪಾರಂಪರಿಕ ಕಟ್ಟಡಗಳು

ಹಳೆಯ ಚರ್ಚ್‌ಗಳಲ್ಲಿ ಗೋಡೆ ಕೊರೆಯುವುದು, ತಂತಿ ಹುದುಗಿಸುವುದು, ಧ್ವನಿ ಹೀರುವ ಫಲಕ ಅಂಟಿಸುವುದು ಸುಲಭವಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಮತ್ತು ಚಾವಣಿಗಳನ್ನು ಆಂಟೋನಿಯೊ ಮೊಸ್ಕೇನಿ ಅವರ ಚಿತ್ರಗಳು ಆವರಿಸಿವೆ. 1933ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಸಂತ ಫಿಲೋಮಿನಾ ಕೆಥೆಡ್ರಲ್ ನವ ಗಾಥಿಕ್ ಶೈಲಿಯ ಎತ್ತರದ ಕಟ್ಟಡ. ಇಂತಹ ಕಟ್ಟಡಗಳಲ್ಲಿ ಮೂಲರೂಪಕ್ಕೆ ಧಕ್ಕೆಯಾಗದಂತೆ ಸಾಧನಗಳನ್ನು ಅಳವಡಿಸಬೇಕಾಗುತ್ತದೆ. ಗೋಡೆಯ ಬಣ್ಣವನ್ನೇ ಬಳಿದ ತೆಳು ಸ್ತಂಭಗಳು, ಕಳಚಬಹುದಾದ ಹಿಡಿಕೆಗಳು ಮತ್ತು ಬೆಂಚುಗಳ ಮೆತ್ತೆಗಳು ಸಾಮಾನ್ಯವಾಗಿ ಅನುಸರಿಸುವ ಮಾರ್ಗಗಳು.

ಕಟ್ಟಡದ ಮೊಳಗೂ ಪರಂಪರೆಯ ಭಾಗವೆಂಬ ಅಭಿಪ್ರಾಯ ಬಲಗೊಳ್ಳುತ್ತಿದೆ. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಕೆಥೆಡ್ರಲ್ ಬೆಂಕಿಗೆ ತುತ್ತಾದಾಗ, ಅದಕ್ಕೆ ಮುಂಚೆ ಬ್ರಯನ್ ಕಾಟ್ಸ್ ಮತ್ತು ಸಂಗಡಿಗರು ಮಾಡಿಟ್ಟಿದ್ದ ಧ್ವನಿ ಅಳತೆಗಳು ಮೂಲ ಧ್ವನಿಗುಣವನ್ನು ತಿಳಿಯಲು ಅಮೂಲ್ಯ ಆಧಾರವಾದವು. ಕೆಥೆಡ್ರಲ್ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು.

ಭಾರತದಲ್ಲಿ ಕಾನೂನು

ಭಾರತದಲ್ಲಿ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ಎಲ್ಲ ಧರ್ಮಗಳ ಆರಾಧನಾ ಸ್ಥಳಗಳಿಗೂ ಅನ್ವಯಿಸುತ್ತವೆ. ಧ್ವನಿವರ್ಧಕ ಬಳಸಲು ಸಂಬಂಧಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಹೊರಾಂಗಣದಲ್ಲಿ ಬಳಕೆ ನಿಷಿದ್ಧ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ವರ್ಷಕ್ಕೆ 15 ದಿನಗಳನ್ನು ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿಯಿದೆ.

ಈ ವಿಷಯದಲ್ಲಿ ಮಹತ್ತ್ವದ ತೀರ್ಪು ಚರ್ಚ್‌ವೊಂದಕ್ಕೆ ಸಂಬಂಧಿಸಿದ್ದೇ ಆಗಿದೆ. ಚೆನ್ನೈನ ಬಡಾವಣೆಯೊಂದರ ನಿವಾಸಿಗಳು ಪ್ರಾರ್ಥನಾ ಮಂದಿರದ ಧ್ವನಿವರ್ಧಕದ ಬಗ್ಗೆ ಹೂಡಿದ ಪ್ರಕರಣದಲ್ಲಿ (ಚರ್ಚ್ ಆಫ್ ಗಾಡ್ ವಿರುದ್ಧ ಕೆಕೆಆರ್ ಮೆಜೆಸ್ಟಿಕ್ ಕಾಲೊನಿ ನಿವಾಸಿಗಳ ಸಂಘ), ಇತರರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದ ಆಗಸ್ಟ್ 30ರಂದು ಅಭಿಪ್ರಾಯಪಟ್ಟಿತು. ಕೇಳುಗರತ್ತ ಮಾತ್ರ ಧ್ವನಿಯನ್ನು ತಿರುಗಿಸುವ ವಿನ್ಯಾಸವು ಸ್ಪಷ್ಟತೆಯ ಜೊತೆಗೆ ನೆರೆಹೊರೆಯ ನೆಮ್ಮದಿಗೂ ಸಹಾಯಕ.

ಹಕ್ಕುಸ್ವಾಮ್ಯದ ವಿಚಾರದಲ್ಲಿ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ವಿಧಿಯು ಪ್ರಾಮಾಣಿಕ ಧಾರ್ಮಿಕ ಸಮಾರಂಭದಲ್ಲಿ ಸಂಗೀತವನ್ನು ಪ್ರದರ್ಶಿಸುವುದಕ್ಕೆ ವಿನಾಯಿತಿ ನೀಡುತ್ತದೆ. ಮಂದಿರದೊಳಗೆ ಹಾಡುವುದು ಮತ್ತು ಅದನ್ನು ಧ್ವನಿಮುದ್ರಿಸಿ ಅಂತರ್ಜಾಲದಲ್ಲಿ ಹಂಚುವುದು ಬೇರೆ ಬೇರೆ ಬಳಕೆಗಳಾದುದರಿಂದ ಪ್ರಸಾರಕ್ಕೆ ಪ್ರತ್ಯೇಕ ಅನುಮತಿ ಬೇಕಾಗಬಹುದು. ಅಮೆರಿಕದಲ್ಲಿ 1988ರಲ್ಲಿ ಆರಂಭವಾದ ಸಿಸಿಎಲ್‌ಐ ಸಂಸ್ಥೆಯು ಚರ್ಚ್‌ಗಳಿಗೆ ಇಂತಹ ಪರವಾನಗಿಗಳನ್ನು ನೀಡುತ್ತದೆ.

ನಿರ್ವಹಣೆ

ಹೆಚ್ಚಿನ ಚರ್ಚ್‌ಗಳಲ್ಲಿ ಈ ಸಾಧನಗಳನ್ನು ನಡೆಸುವವರು ವೇತನವಿಲ್ಲದ ಸ್ವಯಂಸೇವಕರು. ಸಂಕೀರ್ಣವಾದ ವ್ಯವಸ್ಥೆಯನ್ನು ಬಲ್ಲ ಒಬ್ಬರು ಊರು ಬಿಟ್ಟರೆ ಅದು ನಿರುಪಯುಕ್ತವಾಗುವ ಸಂಭವವಿದೆ. ಆದುದರಿಂದ ನಿತ್ಯದ ಪೂಜೆಗೆ ಒಂದೇ ಗುಂಡಿಯಲ್ಲಿ ಚಾಲೂ ಆಗುವ ಸರಳ ವಿಧಾನ, ತಂತಿಗಳಿಗೆ ಹೆಸರುಚೀಟಿ, ಹೊಂದಾಣಿಕೆಗಳ ಪ್ರತಿ ಮತ್ತು ಕನಿಷ್ಠ ಇಬ್ಬರು ಮೂವರಿಗೆ ತರಬೇತಿ ಇರಬೇಕೆಂದು ತಂತ್ರಜ್ಞರು ಸಲಹೆ ನೀಡುತ್ತಾರೆ. ವಿದ್ಯುತ್ ಕಡಿತ ಸಾಮಾನ್ಯವಾಗಿರುವಲ್ಲಿ ಡಿಜಿಟಲ್ ಮಿಕ್ಸರ್ ಮತ್ತು ಕಂಪ್ಯೂಟರ್‌ಗಳಿಗೆ ಯುಪಿಎಸ್ ಅಗತ್ಯ; ಅವು ಮರಳಿ ಚಾಲೂ ಆಗಲು ಸಮಯ ಹಿಡಿಯುತ್ತದೆ.

ಟೀಕೆಗಳು

ತಂತ್ರಜ್ಞಾನದ ಬಳಕೆಯ ಬಗ್ಗೆ ಕ್ರೈಸ್ತ ಸಮುದಾಯದೊಳಗೇ ಭಿನ್ನಾಭಿಪ್ರಾಯಗಳಿವೆ. ಪರದೆ, ಬೆಳಕು ಮತ್ತು ಅಬ್ಬರದ ಸಂಗೀತವು ಆರಾಧನೆಯನ್ನು ಪ್ರದರ್ಶನವಾಗಿಸುತ್ತದೆ, ವೇದಿಕೆಯ ಧ್ವನಿ ಹೆಚ್ಚಿದಂತೆ ಸಭೆಯು ಹಾಡುವುದನ್ನೇ ನಿಲ್ಲಿಸುತ್ತದೆ ಎಂಬುದು ಒಂದು ಆಕ್ಷೇಪ. ಕಾಯಿಲೆಯಿಂದ ಮನೆಯಲ್ಲಿರುವವರಿಗೆ, ವೃದ್ಧರಿಗೆ, ದೂರದ ಊರುಗಳಲ್ಲಿ ನೆಲೆಸಿದವರಿಗೆ ಪ್ರಸಾರವೇ ಸಮುದಾಯದೊಂದಿಗಿನ ನಂಟಾಗಿದೆ ಎಂಬುದು ಇನ್ನೊಂದು ನಿಲುವು. ನೇರಪ್ರಸಾರದಲ್ಲಿ ಮಕ್ಕಳ, ದುಃಖದಲ್ಲಿರುವವರ ಅಥವಾ ಖಾಸಗಿಯಾಗಿ ಪ್ರಾರ್ಥಿಸುವವರ ಮುಖಗಳು ಅನುಮತಿಯಿಲ್ಲದೆ ಕಾಣಿಸಿಕೊಳ್ಳುವುದು ಗೋಪ್ಯತೆಯ ಪ್ರಶ್ನೆಯನ್ನು ಎತ್ತಿದೆ. ಕೆಲವು ಚರ್ಚ್‌ಗಳು ಕ್ಯಾಮೆರಾಗೆ ಕಾಣದ ಆಸನಗಳನ್ನು ಗುರುತಿಸಿ, ಪ್ರವೇಶದ್ವಾರದಲ್ಲಿ ಸೂಚನಾ ಫಲಕ ಹಾಕುತ್ತವೆ. ದುಬಾರಿ ಉಪಕರಣಗಳಿಗೆ ಹಣ ವ್ಯಯಿಸುವುದಕ್ಕಿಂತ ಮೊದಲು ಕಟ್ಟಡದ ಅನುರಣನವನ್ನು ಅಳೆದು ಸರಿಪಡಿಸಬೇಕೆಂಬುದು ಧ್ವನಿತಜ್ಞರ ಸಾಮಾನ್ಯ ಅಭಿಪ್ರಾಯ.

ಇವನ್ನೂ ನೋಡಿ

ಅನುರಣನ
ಧ್ವನಿವರ್ಧಕ
ಮೈಕ್ರೋಫೋನ್
ಶಬ್ದ ಮಾಲಿನ್ಯ
ಎರಡನೆಯ ವ್ಯಾಟಿಕನ್ ಮಹಾಸಭೆ
ಸಂತ ಫಿಲೋಮಿನಾ ಕೆಥೆಡ್ರಲ್, ಮೈಸೂರು